48 ಸಾವಿಗೆ 30 ದಿನ, 60 ದಿನ ಜೈಲು: ಕೆಟ್ಟ ಚೀಸ್ ಮಾರಿದವರಿಗೆ ಇಷ್ಟೇನಾ?

ಶಿರಸಿಯವಳು

ಎಲ್ಲರಿಗೂ ನಮಸ್ಕಾರ. ನಾನು ಲಾಸ್ ಏಂಜಲೀಸ್ ಪಕ್ಕದ ಸೆರಿಟೋಸ್‌ನಲ್ಲಿದ್ದೇನೆ. ಈಗ ನನಗೆ ಆರು ತಿಂಗಳು. ಕಳೆದ ವಾರ ಡಾಕ್ಟರ್ ಹತ್ತಿರ ಹೋದಾಗ ಅಲ್ಲಿನ ನರ್ಸ್ ಬಸುರಿಯರು ತಿನ್ನಬಾರದ ಪದಾರ್ಥಗಳ ಚೀಟಿ ಕೊಟ್ಟರು. ಅದರಲ್ಲಿ ಕೇಸೊ ಫ್ರೆಸ್ಕೊ ಎಂಬ ಮೆಕ್ಸಿಕನ್ ಚೀಸ್ ಹೆಸರಿತ್ತು. ನನಗೆ ಎದೆ ಧಸಕ್ಕೆಂದಿತು. ಪನೀರ್ ಸಿಗದ ದಿನ ನಾನು ಅದನ್ನೇ ತಂದು ಪಾಲಕ್ ಸೊಪ್ಪಿಗೆ ಹಾಕುತ್ತಿದ್ದೆ. ನೋಡಲು ಪನೀರ್ ಥರವೇ ಬೆಳ್ಳಗೆ ಇರುತ್ತದೆ, ಸ್ವಲ್ಪ ಉಪ್ಪು ಜಾಸ್ತಿ ಅಷ್ಟೇ.

"ಯಾಕೆ ಬೇಡ?" ಅಂತ ಕೇಳಿದೆ. ಆಕೆಗೆ ವಯಸ್ಸಾಗಿದೆ. "1985ರಲ್ಲಿ ಈ ಊರಲ್ಲಿ ಏನಾಯಿತು ಅಂತ ಓದು" ಅಂದರು. ಮನೆಗೆ ಬಂದು ಓದಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆ ವರ್ಷ ಜನವರಿಯಿಂದ ಆಗಸ್ಟ್ ಮಧ್ಯದವರೆಗೆ ಲಾಸ್ ಏಂಜಲೀಸ್ ಕೌಂಟಿಯಲ್ಲಿ 142 ಜನರಿಗೆ ಲಿಸ್ಟೀರಿಯಾ ಎಂಬ ಕ್ರಿಮಿಯ ಸೋಂಕು ಬಂದಿತ್ತು. ಅದರಲ್ಲಿ 93 ಪ್ರಕರಣ ಬಸುರಿಯರದು ಮತ್ತು ಅವರ ಮಕ್ಕಳದು. ಸತ್ತವರು 48. ಹೊಟ್ಟೆಯಲ್ಲೇ ಹೋದ ಕೂಸುಗಳು 20, ಹುಟ್ಟಿದ ಮೇಲೆ ಹೋದವು 10, ಉಳಿದ 18 ಜನ ದೊಡ್ಡವರು. ಕಾರಣ ಜಲಿಸ್ಕೊ ಎಂಬ ಕಂಪನಿಯ ಚೀಸ್. ಅದರ ಕಾರ್ಖಾನೆ ಇದ್ದದ್ದು ಆರ್ಟೀಸಿಯದಲ್ಲಿ. ನಾವೆಲ್ಲ ಬೇಳೆ, ಹುಣಸೆಹಣ್ಣು, ಸೀರೆ ತರಲು ಪಯೋನಿಯರ್ ಬುಲೆವಾರ್ಡ್‌ನ ಲಿಟ್ಲ್ ಇಂಡಿಯಾಕ್ಕೆ ಹೋಗುತ್ತೇವಲ್ಲ, ಅದೇ ಆರ್ಟೀಸಿಯ. ನಮ್ಮ ಮನೆಯಿಂದ ಐದು ನಿಮಿಷದ ದಾರಿ.

ಕೇಸ್ ಹಾಕಿದ್ದೂ ನಿಜ. ಆದರೆ ಸಣ್ಣ ಅಪರಾಧದ ಕಲಮುಗಳಲ್ಲಿ. ಚೀಸ್ ಮಾಡುವವನಿಗೆ 60 ದಿನ, ಕಂಪನಿಯ ದೊಡ್ಡ ಸ್ಥಾನದಲ್ಲಿದ್ದವನಿಗೆ 30 ದಿನ ಜೈಲಾಯಿತು. ನರಹತ್ಯೆಯ ಕೇಸ್ ಹಾಕಲೇ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಕಾರು ಗುದ್ದಿ ಒಬ್ಬರು ಸತ್ತರೂ ಇದಕ್ಕಿಂತ ಜಾಸ್ತಿ ಶಿಕ್ಷೆ ಆಗುತ್ತದೆ ಅಲ್ವಾ? ಊಟ ಮಾರಿ 48 ಜನರನ್ನು ಕಳೆದರೆ ಯಾಕೆ ಇಷ್ಟು ಕಡಿಮೆ? ಕಾನೂನು ಗೊತ್ತಿರುವವರು, ಡೇರಿ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಮೈಸೂರಿನ ಹಳೇ ನರ್ಸ್

ಕೇಸಿನ ಮಾತು ಆಮೇಲೆ ಮಗಳೇ. ಆ ಚೀಸ್ ಕೊನೆಯ ಸಲ ತಿಂದದ್ದು ಯಾವಾಗ? ಜ್ವರ, ಮೈಕೈ ನೋವು, ಬೆನ್ನು ಸೆಳೆತ ಏನಾದರೂ ಇದೆಯಾ? ಬಸುರಿಯರಲ್ಲಿ ಈ ರೋಗ ಸಾಧಾರಣ ಫ್ಲೂ ಥರ ಬಂದು ಹೋಗುತ್ತದೆ. ತಾಯಿಗೆ ಏನೂ ಅನ್ನಿಸುವುದಿಲ್ಲ, ಒಳಗೆ ಕೂಸಿಗೆ ಪೆಟ್ಟು ಬೀಳುತ್ತದೆ. ತಿಂದ ಮೇಲೆ ಎರಡು ತಿಂಗಳು ಕಳೆದು ಕಾಣಿಸಿಕೊಂಡದ್ದೂ ಉಂಟು. ಹೆದರಬೇಡ, ರಕ್ತ ಪರೀಕ್ಷೆ ಇದೆ, ಬೇಗ ಗೊತ್ತಾದರೆ ಆಂಟಿಬಯಾಟಿಕ್ ಇದೆ. ಆದರೆ ಜ್ವರ ಬಂದರೆ "ಸುಮ್ನೆ ಶೀತ" ಅಂತ ಮಲಗಬೇಡ. ಆ ಚೀಸ್ ತಿಂದಿದ್ದೇನೆ ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳು.

ಶಿರಸಿಯವಳು

ತಿಂದು ಐದು ವಾರ ಆಯಿತು ಅಮ್ಮಾ. ಜ್ವರ ಇಲ್ಲ. ಆದರೂ ನಾಳೆಯೇ ಫೋನ್ ಮಾಡುತ್ತೇನೆ.

ಹಾಸನದ ಡೇರಿ ಮೇಷ್ಟ್ರು

ನಾನು ಡೇರಿ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಜಲಿಸ್ಕೊ ಪ್ರಕರಣವನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ಯಾಕೆಂದರೆ ಅಲ್ಲಿ ಆದದ್ದು ಬಹಳ ಸರಳ ತಪ್ಪು.

ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಅಥವಾ 63 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಲಿಸ್ಟೀರಿಯಾ ಸಾಯುತ್ತದೆ. ಪಾಶ್ಚರೀಕರಣ ಅಂದರೆ ಇಷ್ಟೇ. ಹಾಲು ಸರಿಯಾಗಿ ಕಾದಿದೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ. ಹಸಿ ಹಾಲಿನಲ್ಲಿ ಫಾಸ್ಫಟೇಸ್ ಎಂಬ ಕಿಣ್ವ ಇರುತ್ತದೆ. ಸರಿಯಾಗಿ ಕಾದರೆ ಅದು ನಾಶವಾಗುತ್ತದೆ. ಸಾವಿರ ಲೀಟರ್ ಕಾದ ಹಾಲಿಗೆ ಒಂದೆರಡು ಲೀಟರ್ ಹಸಿ ಹಾಲು ಬೆರೆತರೂ ಈ ಪರೀಕ್ಷೆ ಹಿಡಿದು ಕೊಡುತ್ತದೆ.

ಜಲಿಸ್ಕೊ ಚೀಸ್‌ನಲ್ಲಿ ಆ ಕಿಣ್ವ ಸಿಕ್ಕಿತು. ಅಂದರೆ ಹಸಿ ಹಾಲು ಸೇರಿತ್ತು. ಇನ್ನೊಂದು ಸಂಗತಿ ಕೇಳಿ. ಕಾರ್ಖಾನೆಗೆ ಬರುತ್ತಿದ್ದ ಹಾಲು ಎಷ್ಟು, ಅಲ್ಲಿನ ಯಂತ್ರ ಕಾಯಿಸಬಲ್ಲ ಹಾಲು ಎಷ್ಟು ಎಂದು ಲೆಕ್ಕ ಹಾಕಿದಾಗ ಬಂದ ಹಾಲೇ ಜಾಸ್ತಿ ಇತ್ತು. ಹೆಚ್ಚಿನ ಹಾಲು ಎಲ್ಲಿ ಹೋಯಿತು? ಯಾರೂ ಚೆಲ್ಲುವುದಿಲ್ಲ. ಈ ಲೆಕ್ಕಕ್ಕೆ ಪ್ರಯೋಗಾಲಯವೂ ಬೇಡ, ಹಾಲಿನ ರಸೀದಿ ಮತ್ತು ಯಂತ್ರದ ಮೇಲಿನ ಫಲಕ ಸಾಕು. ಇವತ್ತಿಗೂ ನಾನು ಯಾವ ಘಟಕಕ್ಕೆ ಹೋದರೂ ಮೊದಲು ನೋಡುವುದು ಇದನ್ನೇ.

ಮತ್ತೆ, ಈ ಕ್ರಿಮಿ ಫ್ರಿಜ್‌ನಲ್ಲೂ ಬೆಳೆಯುತ್ತದೆ. ರೋಗ ತರುವ ಬೇರೆ ಹೆಚ್ಚಿನ ಕ್ರಿಮಿಗಳು ತಣ್ಣಗಿದ್ದರೆ ಮಲಗಿರುತ್ತವೆ. ಇದು 4 ಡಿಗ್ರಿಯಲ್ಲೂ ನಿಧಾನವಾಗಿ ಹೆಚ್ಚುತ್ತಾ ಹೋಗುತ್ತದೆ. ಕೇಸೊ ಫ್ರೆಸ್ಕೊದಲ್ಲಿ ನೀರಿನಂಶ ಜಾಸ್ತಿ, ಹುಳಿ ಕಡಿಮೆ. ಅದಕ್ಕೆ ಹೇಳಿ ಮಾಡಿಸಿದ ಜಾಗ.

ಕೋಲಾರದ ಪನೀರ್‌ನವನು

ಎಲ್ಲರೂ ಜೈಲು ಜೈಲು ಅನ್ನುವ ಮುಂಚೆ ನನ್ನ ಮಾತೂ ಕೇಳಿ. ನಾನು, ನನ್ನ ಹೆಂಡತಿ, ಇಬ್ಬರು ಹುಡುಗರು ಸೇರಿ ದಿನಕ್ಕೆ 40 ಕೆಜಿ ಪನೀರ್ ಮಾಡುತ್ತೇವೆ. ಐದು ಹೋಟೆಲ್‌ಗೆ ಕೊಡುತ್ತೇವೆ. ಲೈಸೆನ್ಸ್ ಇದೆ. ಹಾಲನ್ನು ಚೆನ್ನಾಗಿ ಕುದಿಸಿಯೇ ಒಡೆಸುತ್ತೇವೆ. ಆದರೂ ಕಣ್ಣಿಗೆ ಕಾಣದ ಕ್ರಿಮಿ ಎಲ್ಲಿಂದಲೋ ಬಂದು ಯಾರಿಗೋ ಏನೋ ಆದರೆ ನಾನು ಜೈಲಿಗೆ ಹೋಗಬೇಕಾ? ಬೇಕೆಂದು ವಿಷ ಹಾಕುವವನೂ ನಾನೂ ಒಂದೇನಾ? ಹೀಗೆ ಹೆದರಿಸಿದರೆ ಸಣ್ಣವರೆಲ್ಲ ಬಾಗಿಲು ಹಾಕುತ್ತಾರೆ. ದೊಡ್ಡ ಕಂಪನಿಗಳು ವಕೀಲರನ್ನು ಇಟ್ಟುಕೊಂಡು ಆರಾಮಾಗಿ ಇರುತ್ತವೆ.

ಶಿರಸಿ ಅಕ್ಕಾ, ನಿಮ್ಮ ಸಂಕಟ ಅರ್ಥ ಆಗುತ್ತದೆ. ನನಗೂ ಎರಡು ವರ್ಷದ ಮಗಳಿದ್ದಾಳೆ. ಕೋಪದಿಂದ ಬರೆಯುತ್ತಿಲ್ಲ, ಭಯದಿಂದ ಬರೆಯುತ್ತಿದ್ದೇನೆ.

ಧಾರವಾಡದ ವಕೀಲ

ಇಬ್ಬರ ಪ್ರಶ್ನೆಗೂ ಒಟ್ಟಿಗೆ ಉತ್ತರ ಕೊಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಅಮೆರಿಕದ್ದು. ಅಲ್ಲಿ ಕೇಂದ್ರದ ಆಹಾರ ಕಾನೂನಿನಲ್ಲಿ ಕಲುಷಿತ ಆಹಾರ ಮಾರುವುದೇ ಅಪರಾಧ. ಮಾರಿದವನಿಗೆ ಗೊತ್ತಿತ್ತು ಅಂತ ಸಾಬೀತು ಮಾಡುವ ಅಗತ್ಯ ಇಲ್ಲ. 1943ರ ಡಾಟರ್‌ವೈಕ್ ತೀರ್ಪು, 1975ರ ಪಾರ್ಕ್ ತೀರ್ಪು ಇದಕ್ಕೆ ಬುನಾದಿ. ಪಾರ್ಕ್ ಪ್ರಕರಣ ಒಂದು ದೊಡ್ಡ ಕಿರಾಣಿ ಕಂಪನಿಯ ಅಧ್ಯಕ್ಷರದ್ದು. ಅವರ ಬಾಲ್ಟಿಮೋರ್ ಗೋದಾಮಿನಲ್ಲಿ ಇಲಿಗಳಿದ್ದವು. ಅವರು ಇದ್ದದ್ದು ಬೇರೆ ಊರಲ್ಲಿ. ಆದರೂ ಸರಿಪಡಿಸುವ ಅಧಿಕಾರ ನಿಮ್ಮ ಕೈಯಲ್ಲಿತ್ತು, ಆದ್ದರಿಂದ ನೀವೇ ಹೊಣೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಹೀಗೆ ಸುಲಭವಾಗಿ ಸಾಬೀತಾಗುವ ಅಪರಾಧಕ್ಕೆ ಶಿಕ್ಷೆ ಕಡಿಮೆ. ಮೊದಲ ಸಲವಾದರೆ ಹೆಚ್ಚೆಂದರೆ ಒಂದು ವರ್ಷ. ಮೋಸ ಮಾಡುವ ಉದ್ದೇಶ ಇತ್ತು ಅಂತ ತೋರಿಸಿದರೆ ಮಾತ್ರ ದೊಡ್ಡ ಶಿಕ್ಷೆ. ಅದನ್ನು ತೋರಿಸಲು ಆದಾಗ ಏನಾಗುತ್ತದೆ ಅಂತ 2015ರಲ್ಲಿ ಕಂಡಿತು. ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕದ ಮುಖ್ಯಸ್ಥರಿಗೆ 28 ವರ್ಷ ಜೈಲಾಯಿತು. ಸಾಲ್ಮೊನೆಲ್ಲಾ ಇದೆ ಅಂತ ಗೊತ್ತಿದ್ದೂ ಕಡಲೆಕಾಯಿ ಮಾಲು ಕಳಿಸಿದ್ದು, ಸುಳ್ಳು ಪರೀಕ್ಷಾ ಪತ್ರ ಕೊಟ್ಟದ್ದು ಸಾಬೀತಾಯಿತು.

ಈಗ ಶಿರಸಿಯ ತಂಗಿ ಕೇಳಿದ ನರಹತ್ಯೆಯ ವಿಷಯ. ಇದನ್ನು ಬರೆಯಲು ನನಗೇ ಕಷ್ಟ ಆಗುತ್ತಿದೆ. ಕ್ಯಾಲಿಫೋರ್ನಿಯದ ಕಾನೂನಿನಲ್ಲಿ ಕೊಲೆ ಅಂದರೆ ಮನುಷ್ಯನನ್ನು ಅಥವಾ ಹೊಟ್ಟೆಯ ಕೂಸನ್ನು ಕೊಲ್ಲುವುದು. 1970ರಲ್ಲಿ ಕೂಸನ್ನೂ ಸೇರಿಸಿದರು. ಆದರೆ ನಿರ್ಲಕ್ಷ್ಯದಿಂದ ಆಗುವ ನರಹತ್ಯೆಯ ಕಲಮಿನಲ್ಲಿ ಮನುಷ್ಯ ಅಂತ ಮಾತ್ರ ಇದೆ. ಚೀಸ್ ಮಾರಿದವರಿಗೆ ಕೊಲ್ಲುವ ಉದ್ದೇಶ ಇತ್ತು, ಅಥವಾ ಜೀವ ಹೋಗಬಹುದು ಅಂತ ಗೊತ್ತಿದ್ದೂ ಲೆಕ್ಕಿಸಲಿಲ್ಲ ಅಂತ ತೋರಿಸದೆ ಕೊಲೆಯ ಕೇಸ್ ನಿಲ್ಲುವುದಿಲ್ಲ. ನಿರ್ಲಕ್ಷ್ಯದ ಕೇಸ್ ಹಾಕೋಣ ಅಂದರೆ ಆ 20 ಕೂಸುಗಳು ಅದರ ಲೆಕ್ಕಕ್ಕೇ ಬರುವುದಿಲ್ಲ. ಆ ತಾಯಂದಿರ ನಷ್ಟಕ್ಕೆ ಕ್ರಿಮಿನಲ್ ಕೋರ್ಟಿನಲ್ಲಿ ಹೆಸರೇ ಇರಲಿಲ್ಲ.

ಶಿರಸಿಯವಳು

ವಕೀಲರೇ, ನಿಮ್ಮ ಕೊನೆಯ ಸಾಲು ಓದಿ ಅತ್ತೆ. ಮೊನ್ನೆ ಮೊದಲ ಸಲ ಒಳಗಿಂದ ಜೋರಾಗಿ ಒದ್ದಿದ್ದು ಗೊತ್ತಾಯಿತು. ಅದಕ್ಕೆ ಲೆಕ್ಕ ಇಲ್ಲ ಅಂದರೆ ಹೇಗೆ?

ಆ ತಾಯಂದಿರಲ್ಲಿ ಹೆಚ್ಚಿನವರು ಮೆಕ್ಸಿಕೊ ಕಡೆಯವರು. ಹೊಸ ಊರು, ಬೇರೆ ಭಾಷೆ. ಊರಿನ ರುಚಿ ಬೇಕು ಅಂತ ಆ ಚೀಸ್ ತಂದರು. ನಾನು ಪನೀರ್ ಹುಡುಕಿಕೊಂಡು ಹೋಗುವ ಹಾಗೆ. ತಾನು ತಿಂದದ್ದರಿಂದಲೇ ಮಗು ಹೋಯಿತು ಅಂತ ಎಷ್ಟು ಜನ ತಮ್ಮನ್ನೇ ಬೈದುಕೊಂಡಿರಬೇಕು.

ಮೇರಿಲ್ಯಾಂಡ್ ಮಂಡ್ಯದವ

ಇದು ಹಳೇ ಕಾಲದ್ದು ಅಂತ ಯಾರೂ ತಿಳಿಯಬೇಡಿ. 2014ರಲ್ಲಿ ಇಲ್ಲೂ ಇಂಥದ್ದು ಬಯಲಾಯಿತು. ಪಕ್ಕದ ಡೆಲವೇರ್‌ನ ಕೆಂಟನ್ ಊರಿನ ರೂಸ್ ಫುಡ್ಸ್, ಅದೇ ಬಗೆಯ ಚೀಸ್. 8 ಜನರಿಗೆ ಸೋಂಕು, 7 ಜನ ನಮ್ಮ ಮೇರಿಲ್ಯಾಂಡ್‌ನವರು, ಕ್ಯಾಲಿಫೋರ್ನಿಯದ ಒಬ್ಬರು ತೀರಿಕೊಂಡರು. 8ರಲ್ಲಿ 3 ನವಜಾತ ಶಿಶುಗಳು. ತಪಾಸಣೆಗೆ ಹೋದವರಿಗೆ ಸೋರುವ ಸೂರು, ತುಕ್ಕು ಹಿಡಿದ ಸಲಕರಣೆ ಕಂಡವು. ಕ್ರಿಮಿಯ ಜೀನ್ ಪೂರ್ತಿ ಓದುವ ವಿಧಾನ ಆಗಷ್ಟೇ ಬಳಕೆಗೆ ಬರುತ್ತಿತ್ತು. ರೋಗಿಯ ರಕ್ತದ ಕ್ರಿಮಿಯೂ ಚೀಸಿನ ಕ್ರಿಮಿಯೂ ಒಂದೇ ಮನೆಯವು ಅಂತ ಅದರಿಂದ ಗಟ್ಟಿಯಾಯಿತು. 2016ರಲ್ಲಿ ಕಂಪನಿ ತಪ್ಪು ಒಪ್ಪಿಕೊಂಡಿತು. ದಂಡ ಒಂದು ಲಕ್ಷ ಡಾಲರ್.

ದಂಡ ಕಟ್ಟಿದ್ದು ಕಂಪನಿ. ಜೈಲಿಗೆ ಯಾರನ್ನೂ ಕಳಿಸಲಿಲ್ಲ. ನನ್ನ ಹೆಂಡತಿ ಆ ವರ್ಷವೇ ಬಸುರಿಯಾಗಿದ್ದಳು, ಆದ್ದರಿಂದ ನನಗೆ ಇದು ಮರೆಯುವುದಿಲ್ಲ.

ಹಾಸನದ ಡೇರಿ ಮೇಷ್ಟ್ರು

ಕೋಲಾರದ ತಮ್ಮನಿಗೆ ಒಂದು ಪ್ರಕರಣ ಹೇಳಬೇಕು. ಅವನ ಭಯಕ್ಕೆ ಅದರಲ್ಲಿ ಉತ್ತರ ಇದೆ ಅನ್ನಿಸುತ್ತದೆ.

ನ್ಯೂಯಾರ್ಕ್ ರಾಜ್ಯದ ವಾಲ್ಟನ್ ಎಂಬ ಸಣ್ಣ ಊರಿನಲ್ಲಿ ವುಲ್ಟೊ ಕ್ರೀಮರಿ ಅಂತ ಒಂದು ಚಿಕ್ಕ ಘಟಕ ಇತ್ತು. ಕೈಯಲ್ಲೇ ಚೀಸ್ ಮಾಡುತ್ತಿದ್ದರು, ಹಸಿ ಹಾಲಿನದು. ಒಳ್ಳೆ ಹೆಸರಿತ್ತು. 2016 ಮತ್ತು 2017ರಲ್ಲಿ ಆ ಚೀಸಿನಿಂದ ನಾಲ್ಕು ರಾಜ್ಯಗಳಲ್ಲಿ 8 ಜನರಿಗೆ ಲಿಸ್ಟೀರಿಯಾ ಬಂತು. ಕನೆಕ್ಟಿಕಟ್‌ನಲ್ಲಿ ಒಬ್ಬರು, ವರ್ಮಾಂಟ್‌ನಲ್ಲಿ ಒಬ್ಬರು ತೀರಿಕೊಂಡರು. 2017ರ ಮಾರ್ಚ್‌ನಲ್ಲಿ ಮಾಲು ವಾಪಸ್ ತರಿಸಿ ಬಾಗಿಲು ಹಾಕಿದರು. ಏಳು ವರ್ಷ ಆದ ಮೇಲೆ, 2024ರ ಮಾರ್ಚ್‌ನಲ್ಲಿ, ಮಾಲೀಕರೂ ಕಂಪನಿಯೂ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು.

ಚೀಸಿನಲ್ಲಿ ಕ್ರಿಮಿ ಬಂತು ಎಂಬುದಷ್ಟೇ ಅಲ್ಲಿ ವಿಷಯವಾಗಿರಲಿಲ್ಲ. ಘಟಕದ ಒಳಗಿನ ಜಾಗಗಳಿಂದ ಹತ್ತಿಯಲ್ಲಿ ಒರೆಸಿ ತೆಗೆದ ಸ್ವಾಬ್‌ಗಳು 2014ರ ಜುಲೈಯಿಂದ 2017ರ ಫೆಬ್ರವರಿವರೆಗೆ ಮತ್ತೆ ಮತ್ತೆ ಲಿಸ್ಟೀರಿಯಾ ಇದೆ ಅಂತ ತೋರಿಸಿದ್ದವು. ಪರೀಕ್ಷೆ ಮಾಡಿಸಿದ್ದರು. ಫಲಿತಾಂಶ ಬಂದಿತ್ತು. ಆದರೂ ಬೇರು ಕಿತ್ತು ಹಾಕಲಿಲ್ಲ, ಚೀಸ್ ಮಾರುವುದು ನಿಲ್ಲಲಿಲ್ಲ. ಎರಡೂವರೆ ವರ್ಷ.

ಲಿಸ್ಟೀರಿಯಾ ಒಂದು ದೊಡ್ಡ ಕುಟುಂಬ. ಅದರಲ್ಲಿ ಮನುಷ್ಯರಿಗೆ ಹೆಚ್ಚು ಅಪಾಯ ಮಾಡುವುದು ಮಾನೋಸೈಟೋಜೆನಿಸ್ ಎಂಬ ಒಂದೇ ಬಗೆ. ಸ್ವಾಬ್‌ನಲ್ಲಿ ಬೇರೆ ಬಗೆ ಸಿಕ್ಕರೂ ಅದು ಎಚ್ಚರಿಕೆಯೇ. ನಿರುಪದ್ರವಿ ತಮ್ಮ ವಾಸಿಸುವ ಜಾಗದಲ್ಲಿ ಅಪಾಯಕಾರಿ ಅಣ್ಣನೂ ವಾಸಿಸಬಲ್ಲ.

ತಮ್ಮಾ, ಕ್ರಿಮಿ ಯಾರ ಮನೆಗೂ ಬರಬಹುದು. ನನ್ನ ಪ್ರಕಾರ ಅದು ಅಪರಾಧ ಅಲ್ಲ. ಬಂದಿದೆ ಅಂತ ಕಾಗದ ಹೇಳಿದ ಮೇಲೂ ಮರುದಿನ ಮಾಲು ಕಳಿಸಿದರೆ, ಆ ಕ್ಷಣದಿಂದ ಅಪರಾಧ ಶುರು.

ಬಾಗಲಕೋಟೆ ಅಣ್ಣ

ಮೇಷ್ಟ್ರೇ, ಅಲ್ಲಿ ಕಾಗದವಾದರೂ ಇತ್ತು. ನಮ್ಮ ಕಡೆ ಆದದ್ದು ಕೇಳಿ. ನಾಲ್ಕು ವರ್ಷದ ಹಿಂದೆ ನಮ್ಮ ಸಂಬಂಧಿಕರ ಮದುವೆ. ರಾತ್ರಿ ಊಟಕ್ಕೆ ಪನೀರ್ ಪಲ್ಯ. ಬೆಳಗಾಗುವುದರೊಳಗೆ ಮೂವತ್ತಕ್ಕೂ ಹೆಚ್ಚು ಜನರಿಗೆ ವಾಂತಿ ಭೇದಿ. ನನ್ನ ಅವ್ವ ಮೂರು ದಿನ ಗ್ಲೂಕೋಸ್ ಮೇಲಿದ್ದಳು. ದೇವರ ದಯೆ, ಎಲ್ಲರೂ ಉಳಿದರು. ನಾಲ್ಕನೇ ದಿನ ದೂರು ಕೊಡಲು ಹೋದೆವು. ಅಷ್ಟರಲ್ಲಿ ಉಳಿದ ಪಲ್ಯ ತಿಪ್ಪೆ ಸೇರಿತ್ತು, ಪಾತ್ರೆ ತೊಳೆದು ಕಳಿಸಿದ್ದರು. ಪನೀರ್ ಎಲ್ಲಿಂದ ತಂದಿರಿ ಅಂದರೆ ಅಡುಗೆಯವನ ಬಳಿ ರಸೀದಿ ಇಲ್ಲ. ಆಸ್ಪತ್ರೆ ಚೀಟಿಯಲ್ಲಿ ವಾಂತಿ ಭೇದಿ ಅಂತ ಬರೆದಿದ್ದರು, ಅಷ್ಟೇ. ಮಲ ಪರೀಕ್ಷೆ ಮಾಡಿಸಿರಲಿಲ್ಲ. ಅಧಿಕಾರಿ ಕೈ ಚೆಲ್ಲಿ ಕೂತರು. ಯಾರ ಮೇಲೆ ಕೇಸ್ ಹಾಕುವುದು?

ಧಾರವಾಡದ ವಕೀಲ

ಅಣ್ಣಾ, ನಾನು ನೋಡಿದ ಇಂಥ ಕೇಸುಗಳಲ್ಲಿ ಹೆಚ್ಚಿನವು ಸಾಯುವುದು ಇಲ್ಲೇ, ಮೊದಲ ಮೂರು ದಿನದಲ್ಲಿ. ಕಾನೂನು ಸಡಿಲ ಇಲ್ಲ. ನಮ್ಮ 2006ರ ಆಹಾರ ಸುರಕ್ಷತೆ ಕಾಯಿದೆಯ 59ನೇ ಕಲಂ ಓದಿದರೆ ಅಮೆರಿಕಕ್ಕಿಂತ ಬಿಗಿ ಅನ್ನಿಸುತ್ತದೆ. ಅಸುರಕ್ಷಿತ ಆಹಾರದಿಂದ ಸಾವಾದರೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು, ದಂಡ 10 ಲಕ್ಷಕ್ಕೆ ಕಡಿಮೆ ಇಲ್ಲ. ತೀವ್ರ ಹಾನಿಯಾದರೆ 6 ವರ್ಷದವರೆಗೆ. ಯಾರಿಗೂ ಏನೂ ಆಗದಿದ್ದರೂ ಅಸುರಕ್ಷಿತ ಅಂತ ಸಾಬೀತಾದರೆ ಮೊದಲು 6 ತಿಂಗಳವರೆಗೆ ಇತ್ತು, 2023ರ ತಿದ್ದುಪಡಿಯಲ್ಲಿ ಅದನ್ನು 3 ತಿಂಗಳಿಗೆ ಇಳಿಸಿ ದಂಡವನ್ನು 3 ಲಕ್ಷಕ್ಕೆ ಏರಿಸಿದರು. ಸಾವಾದರೆ ಕುಟುಂಬಕ್ಕೆ ಕನಿಷ್ಠ 5 ಲಕ್ಷ ಪರಿಹಾರ ಕೊಡಬೇಕು ಅಂತ 65ನೇ ಕಲಂ ಹೇಳುತ್ತದೆ.

ಕಷ್ಟ ಇರುವುದು ಸಾಬೀತು ಮಾಡುವುದರಲ್ಲಿ. ಆಹಾರ ಸುರಕ್ಷತಾ ಅಧಿಕಾರಿ ಮಾದರಿ ತೆಗೆದರೆ ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಅದನ್ನು ಪರೀಕ್ಷಿಸುವ ಆಹಾರ ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ಅಂಕಿತಾಧಿಕಾರಿ, ಅಂದರೆ ಜಿಲ್ಲೆಯ ಆಹಾರ ಸುರಕ್ಷತೆಯ ಮೇಲಧಿಕಾರಿ, ಮುಂದಿನ ಹೆಜ್ಜೆ ಇಡಬೇಕು. ಅಪರಾಧ ನಡೆದ ಒಂದು ವರ್ಷದೊಳಗೆ ಕೋರ್ಟಿಗೆ ಹೋಗಬೇಕು, ಆಹಾರ ಸುರಕ್ಷತಾ ಆಯುಕ್ತರು ಕಾರಣ ಬರೆದು ಒಪ್ಪಿದರೆ ಮೂರು ವರ್ಷದವರೆಗೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಆರೋಪಿ ಬಿಡುಗಡೆ ಆಗಬಹುದು. ವುಲ್ಟೊ ಕೇಸ್ ಥರ ಏಳು ವರ್ಷ ಬಿಟ್ಟು ಬಂದರೆ ನಮ್ಮ ಈ ಕಾಯಿದೆಯಲ್ಲಿ ಬಾಗಿಲೇ ಮುಚ್ಚಿರುತ್ತದೆ.

ನೀವು ಮುಂದೆ ಮಾಡಬಹುದಾದದ್ದು ಹೇಳುತ್ತೇನೆ. ಉಳಿದ ಆಹಾರವನ್ನು ಚೆಲ್ಲದೆ ಶುದ್ಧ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಪ್ಯಾಕೆಟ್ ಇದ್ದರೆ ಬ್ಯಾಚ್ ನಂಬರ್ ಹರಿಯದ ಹಾಗೆ ಇಟ್ಟುಕೊಳ್ಳಿ. ಮಲ ಅಥವಾ ರಕ್ತ ಪರೀಕ್ಷೆ ಮಾಡಿ ಅಂತ ಆಸ್ಪತ್ರೆಯಲ್ಲಿ ಕೇಳಿ. ಅದೇ ದಿನ ಅಂಕಿತಾಧಿಕಾರಿ ಕಚೇರಿಗೆ ಬರಹದಲ್ಲಿ ದೂರು ಕೊಡಿ. 40ನೇ ಕಲಂ ಪ್ರಕಾರ ಗ್ರಾಹಕರೇ ಶುಲ್ಕ ಕಟ್ಟಿ ವಿಶ್ಲೇಷಕರಲ್ಲಿ ಪರೀಕ್ಷೆ ಮಾಡಿಸಬಹುದು. ಆದರೆ ಕೊಳ್ಳುವಾಗಲೇ "ಇದನ್ನು ಪರೀಕ್ಷೆಗೆ ಒಯ್ಯುತ್ತಿದ್ದೇನೆ" ಅಂತ ಅಂಗಡಿಯವನಿಗೆ ಹೇಳಬೇಕು. ಬಹಳ ಜನರಿಗೆ ಇದು ಗೊತ್ತೇ ಇಲ್ಲ.

ಕೋಲಾರದವರಿಗೆ: 80ನೇ ಕಲಂ ನಿಮ್ಮ ರಕ್ಷಣೆಗೇ ಇದೆ. ಮಾಡಬೇಕಾದ ಎಚ್ಚರಿಕೆ ಎಲ್ಲ ಮಾಡಿದ್ದೆ ಅಂತ ತೋರಿಸಿದರೆ ಅದು ಪ್ರತಿವಾದ. ಆದರೆ ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ. ದಾಖಲೆ ಬೇಕು.

ಮೈಸೂರಿನ ಹಳೇ ನರ್ಸ್

ಆಸ್ಪತ್ರೆ ಕಡೆಯ ತಪ್ಪೂ ಇದೆ, ನಾನು ಒಳಗಿದ್ದು ನೋಡಿದವಳು. ರಾತ್ರಿ ಇಪ್ಪತ್ತು ಜನ ಬಂದಾಗ ಡ್ರಿಪ್ ಹಾಕುವುದೇ ನಮ್ಮ ಗಮನ. ಯಾವ ಊಟ, ಎಲ್ಲಿಯದು ಅಂತ ಬರೆದುಕೊಳ್ಳುವವರಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಗೊತ್ತಾದದ್ದೇ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇಂಥ ಕೇಸುಗಳು ಹೆಚ್ಚಾಗುತ್ತಿವೆ ಅಂತ ಯಾರೋ ಲೆಕ್ಕ ಇಟ್ಟಿದ್ದರಿಂದ. ಆಮೇಲೆ ತಾಯಂದಿರನ್ನು ಕೂರಿಸಿ ಏನೇನು ತಿಂದಿರಿ ಅಂತ ಕೇಳುತ್ತಾ ಹೋದರು. ನಮ್ಮಲ್ಲಿ ಗರ್ಭ ಇಳಿದರೆ ಅಷ್ಟು ಕೇಳುತ್ತೇವಾ? ಹಣೆಬರಹ ಅನ್ನುತ್ತೇವೆ, ಇಲ್ಲವೇ ಸೊಸೆಯನ್ನೇ ಬೈಯುತ್ತೇವೆ.

ಶಿರಸಿಯವಳು

ಮೇಷ್ಟ್ರು ಹೇಳಿದ್ದು ನನಗೆ ಒಪ್ಪಿಗೆ. ಗೊತ್ತಿದ್ದೂ ಮಾರಿದವರು ಬೇರೆ, ಗೊತ್ತಿಲ್ಲದವರು ಬೇರೆ. ಕೋಲಾರದ ಅಣ್ಣನನ್ನು ಜೈಲಿಗೆ ಹಾಕಿ ಅಂತ ನಾನು ಯಾವತ್ತೂ ಹೇಳಲ್ಲ. ಆದರೂ ಯಂತ್ರ ಕಾಯಿಸಲಾರದಷ್ಟು ಹಾಲು ತರಿಸಿಕೊಂಡವರಿಗೆ ಏನೂ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. 30 ದಿನ ಕಡಿಮೆಯೇ. ಈ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ.

ನಿನ್ನೆ ರಕ್ತ ಪರೀಕ್ಷೆಗೆ ಕೊಟ್ಟು ಬಂದೆ.

ಕೋಲಾರದ ಪನೀರ್‌ನವನು

ಮೇಷ್ಟ್ರೇ, ನಾವು ಹಾಲು ಕುದಿಸುತ್ತೇವಲ್ಲ, ಮತ್ತೆ ಎಲ್ಲಿಂದ ಬರುತ್ತದೆ? ಸ್ವಾಬ್ ಎಲ್ಲಿಂದ ತೆಗೆಯಬೇಕು?

ಹಾಸನದ ಡೇರಿ ಮೇಷ್ಟ್ರು

ಒಳ್ಳೆ ಪ್ರಶ್ನೆ. ಪನೀರಿಗೆ ಹಾಲನ್ನು 80 ಡಿಗ್ರಿ ದಾಟಿಸುತ್ತೇವೆ, ಅಲ್ಲಿಗೆ ಕ್ರಿಮಿ ಸತ್ತಿತು. ಅಪಾಯ ಒಡೆಸಿದ ಮೇಲೆ. ಸೋಸುವ ಬಟ್ಟೆ, ಒತ್ತುವ ಹಲಗೆ, ಪನೀರ್ ಮುಳುಗಿಸುವ ತಣ್ಣೀರು, ಕತ್ತರಿಸುವ ಚಾಕು, ಕೋಲ್ಡ್ ರೂಮಿನ ನೆಲ, ಮೋರಿ. ಹೆಚ್ಚಾಗಿ ಮೋರಿಯಲ್ಲಿ ಮನೆ ಮಾಡಿರುತ್ತದೆ. ಪೈಪಿನಿಂದ ಜೋರಾಗಿ ನೀರು ಬಿಟ್ಟು ನೆಲ ತೊಳೆದರೆ ಅಲ್ಲಿಂದ ಹಾರಿ ಪನೀರಿನ ಮೇಲೆ ಕೂರುತ್ತದೆ. ಬಟ್ಟೆಯನ್ನು ದಿನಾ ಕುದಿಸು. ತಣ್ಣೀರನ್ನು ಕಾಯಿಸಿ ಆರಿಸಿದ್ದೇ ಬಳಸು. ಸ್ವಾಬ್ ಅನ್ನು ಮೋರಿ, ಹಲಗೆ, ಕೋಲ್ಡ್ ರೂಮಿನ ಬಾಗಿಲ ರಬ್ಬರ್ ಮೂರರಿಂದ ತೆಗೆಸು. ನಮ್ಮ ನಿಯಮದಲ್ಲಿ 25 ಗ್ರಾಂ ಪನೀರಿನಲ್ಲಿ ಲಿಸ್ಟೀರಿಯಾ ಮಾನೋಸೈಟೋಜೆನಿಸ್ ಇರಲೇಬಾರದು. ಬಂದ ಫಲಿತಾಂಶವನ್ನು, ನೀನು ಏನು ಮಾಡಿದೆ ಎಂಬುದನ್ನು, ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆ.

ಕೋಲಾರದ ಪನೀರ್‌ನವನು

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಸ್ವಾಬ್ ಕಳಿಸಿದ್ದೆ. ಹಲಗೆ ಸರಿ, ರಬ್ಬರ್ ಸರಿ. ಮೋರಿಯಲ್ಲಿ ಲಿಸ್ಟೀರಿಯಾ ಕುಟುಂಬದ್ದು ಸಿಕ್ಕಿದೆ. ಪನೀರಿನಲ್ಲಿ ಇಲ್ಲ ಅಂತ ವರದಿ ಬಂದಿದೆ. ಆದರೂ ಇವತ್ತು ಬೆಳಿಗ್ಗೆ ಐದೂ ಹೋಟೆಲ್‌ಗೆ ಫೋನ್ ಮಾಡಿ ಈ ವಾರ ಮಾಲು ಇಲ್ಲ ಅಂದೆ. ಕಾರಣ ಕೇಳಿದರು, ಇದ್ದದ್ದು ಇದ್ದ ಹಾಗೆ ಹೇಳಿದೆ. ಒಬ್ಬರು ಬೇರೆ ಕಡೆ ನೋಡಿಕೊಳ್ಳುತ್ತೇವೆ ಅಂದರು. ಉಳಿದ ನಾಲ್ವರು ಕಾಯುತ್ತೇವೆ ಅಂದರು. ಮೋರಿ ಒಡೆಸಿ ಹೊಸದಾಗಿ ಕಟ್ಟಿಸುತ್ತಿದ್ದೇನೆ. ಪುಸ್ತಕದ ಮೊದಲ ಪುಟದಲ್ಲಿ ಹೆಂಡತಿ ತಾರೀಖು ಹಾಕಿ ಎಲ್ಲ ಬರೆದಿದ್ದಾಳೆ, ಅವಳ ಅಕ್ಷರ ಚೆನ್ನಾಗಿದೆ.

ಅಕ್ಕಾ, ನಿಮ್ಮ ರಕ್ತ ಪರೀಕ್ಷೆ ಏನಾಯಿತು?

ಶಿರಸಿಯವಳು

ಏನೂ ಇಲ್ಲ ಅಂತ ಬಂದಿದೆ ಅಣ್ಣಾ.